ಪಟ್ಟೆಮೀನಿನ ಕಲ್ಲುಗಳು

ಒತಕರ್‌ನ ಮನೆಯಲ್ಲಿ ಲಿಬುಷೆಗೆ ಕಾಲು ನಿಲ್ಲುತ್ತಿರಲಿಲ್ಲ. ಶನಿವಾರ ಬೆಳಿಗ್ಗೆ ಕಾಫಿಗೆ ನೀರಿಟ್ಟವಳು, ಅದು ಕುದಿಯುವುದರೊಳಗೆ ಮೂರು ಸಲ ಹಜಾರಕ್ಕೆ ಬಂದು ಮೀನಿನ ತೊಟ್ಟಿಯ ಮುಂದೆ ನಿಂತು ಹೋದಳು. ಎರಡು ಮೀಟರ್ ಉದ್ದದ ಗಾಜಿನ ತೊಟ್ಟಿ ಗೋಡೆಯ ಈ ತುದಿಯಿಂದ ಆ ತುದಿಗೆ ಚಾಚಿಕೊಂಡಿತ್ತು. ಇಬ್ಬರೂ ಸೇರಿ ಆರಿಸಿ ತಂದದ್ದು. ಅದನ್ನು ನಾಲ್ಕನೆಯ ಮಹಡಿಗೆ ಹತ್ತಿಸಿದ ದಿನ ಪಕ್ಕದ ಮನೆಯವರು, "ಮದುವೆ ಮಂಚಾನಾ?" ಎಂದು ಕೇಳಿ ನಕ್ಕಿದ್ದರು. ಐವತ್ತಾರರ ಲಿಬುಷೆಯೂ ಅರವತ್ತೆರಡರ ಒತಕರನೂ ಆಗ ಜೊತೆಯಲ್ಲಿ ನಕ್ಕಿದ್ದರು.

ಅದಾಗಿ ನಾಲ್ಕು ತಿಂಗಳು. ಊರಿನ ಇನ್ನೊಂದು ತುದಿಯಲ್ಲಿದ್ದ ತನ್ನ ಮನೆಯನ್ನು ಲಿಬುಷೆ ಇನ್ನೂ ಬಿಟ್ಟಿರಲಿಲ್ಲ. ಅವಳ ಹಳದಿ ಸಿಕ್ಲಿಡ್ ಮೀನುಗಳು ಅಲ್ಲಿಯೇ ಇದ್ದವು. ಅವಕ್ಕೆ ಊಟ ಹಾಕುವ ನೆಪದಲ್ಲಿ ದಿನ ಬಿಟ್ಟು ದಿನ ಟ್ರಾಮ್ ಹತ್ತುತ್ತಿದ್ದಳು. ಈಗ ಗೃಹ ಸಹಕಾರ ಸಂಘದಿಂದ ಕಾಗದ ಬಂದಿತ್ತು. ಮನೆಗಾಗಿ ಎರಡು ಮಕ್ಕಳ ಸಂಸಾರವೊಂದು ಕಾಯುತ್ತಿದೆ, ಇಟ್ಟುಕೊಳ್ಳುತ್ತೀರೋ ಬಿಟ್ಟುಕೊಡುತ್ತೀರೋ ಸೋಮವಾರದೊಳಗೆ ತಿಳಿಸಿ ಎಂದು. "ಬಿಟ್ಟುಕೊಡು, ಮೀನನ್ನೂ ತಂದುಬಿಡು" ಎಂದಿದ್ದ ಒತಕರ್. ನಿನ್ನೆ ಸಂಜೆ ಅವಳು ಹನ್ನೆರಡರಲ್ಲಿ ನಾಲ್ಕನ್ನು ಮುಚ್ಚಳದ ಬಕೆಟ್ಟಿನಲ್ಲಿ ಹಾಕಿ, ಬೆಚ್ಚಗಿರಲಿ ಎಂದು ಶಾಲು ಸುತ್ತಿ, ಮಡಿಲಲ್ಲಿ ಇಟ್ಟುಕೊಂಡು ತಂದಿದ್ದಳು.

ಆ ನಾಲ್ಕೂ ಈಗ ಮೇಲಿನ ಮೂಲೆಯಲ್ಲಿ, ನೀರು ಸೋಸುವ ಕೊಳವೆಯ ಹಿಂದೆ ಒಂದಕ್ಕೊಂದು ಒತ್ತಿಕೊಂಡಿದ್ದವು. ಒಂದರ ಬಾಲ ಹರಿದ ಬಟ್ಟೆಯಂತಾಗಿತ್ತು. ಕೆಳಗೆ ಕಲ್ಲುಗಳ ನಡುವೆ ಒತಕರ್‌ನ ಹಳೆಯ ಗಂಡುಮೀನು, ಕಪ್ಪು ನೀಲಿ ಪಟ್ಟೆಯ ಬ್ಯಾರನ್, ತನ್ನ ಹೆಣ್ಣುಗಳನ್ನು ಹಿಂದೆ ಬಿಟ್ಟುಕೊಂಡು ಕಾವಲು ತಿರುಗುತ್ತಿತ್ತು. ಅದು ಮೊದಲೇ ಒಗ್ಗಿಕೊಳ್ಳಲಿ ಎಂದು ಒತಕರ್ ಎರಡು ತಿಂಗಳ ಹಿಂದೆಯೇ ಅದನ್ನು ಬಿಟ್ಟಿದ್ದ.

"ಇದರ ಬಾಲ ನೋಡು ಬಾ" ಎಂದಳು ಲಿಬುಷೆ.

"ನೋಡಿದೆ ಕಣೆ." ಅವನು ಪದಬಂಧದಿಂದ ತಲೆ ಎತ್ತಲಿಲ್ಲ. ಮೂವತ್ತು ವರ್ಷ ಟ್ರಾಮ್ ಓಡಿಸಿದವನಿಗೆ ಆತುರವೆಂಬುದೇ ಇರಲಿಲ್ಲ. "ಒಂದೆರಡು ದಿನ ಹೀಗೇ. ಆಮೇಲೆ ಹೊಂದ್ಕೋತವೆ."

"ಯಾರು ಹೊಂದ್ಕೋಬೇಕು?"

"ಬಂದವರು. ಮತ್ಯಾರು?"

ಮಾತಿನಲ್ಲಿ ವಿಷವೇನೂ ಇರಲಿಲ್ಲ. ಆದರೂ ಅದು ಅವಳಿಗೆ ಚುಚ್ಚಿತು. ಅಡುಗೆಮನೆಗೆ ಹೋಗಿ ಸಕ್ಕರೆ ಡಬ್ಬಿಗೆ ಕೈ ಚಾಚಿದಳು. ಅದು ಎಟುಕದಷ್ಟು ಮೇಲಿತ್ತು. ಒತಕರ್‌ನ ಹೆಂಡತಿ ಮಿಲಾದಾ ಎತ್ತರದ ಹೆಂಗಸು. ಅವಳು ತೀರಿಕೊಂಡು ಆರು ವರ್ಷವಾದರೂ ಡಬ್ಬಿ ಅವಳ ಕೈಗೆ ಸಿಗುವಲ್ಲೇ ಇತ್ತು. ಲಿಬುಷೆ ದಿನಾ ಸ್ಟೂಲು ಎಳೆದುಕೊಂಡು ಹತ್ತುತ್ತಿದ್ದಳು. ಇಂದು ಸಕ್ಕರೆಯಿಲ್ಲದೆಯೇ ಕಾಫಿ ಕುಡಿದಳು.

ಭಾನುವಾರ ಇಬ್ಬರೂ ಮೀನಿನ ಸಂತೆಗೆ ಹೋದರು. ಇಬ್ಬರಿಗೂ ಪರಿಚಯವಾದದ್ದೇ ಅಲ್ಲಿ. ಸಭಾಭವನದ ಉದ್ದನೆಯ ಮೇಜುಗಳ ಮೇಲೆ ಸಾಲು ಸಾಲು ಗಾಜಿನ ಪೆಟ್ಟಿಗೆಗಳು, ನೆಲವೆಲ್ಲ ಒದ್ದೆ, ಬಾಗಿಲ ಬಳಿ ಸಾಸೇಜು ಸುಡುವ ವಾಸನೆ. ಹೆಡ್ವಿಕಾ ಎಂದಿನ ಮೂಲೆಯಲ್ಲಿ ಉಣ್ಣೆಯ ಟೋಪಿ ಹಾಕಿಕೊಂಡು ಕೂತಿದ್ದಳು. ಎಪ್ಪತ್ತೆಂಟು ವಯಸ್ಸು, ಐವತ್ತು ವರ್ಷದಿಂದ ಸಿಕ್ಲಿಡ್‌ಗಳನ್ನು ಮರಿ ಮಾಡಿಸುತ್ತಿದ್ದವಳು. ಅವಳ ಫ್ಲಾಸ್ಕಿನ ಚಹಾದಲ್ಲಿ ರಮ್ ಎಷ್ಟು, ಚಹಾ ಎಷ್ಟು ಎಂದು ಯಾರೂ ಕೇಳುತ್ತಿರಲಿಲ್ಲ.

ಒತಕರ್ ಒಂದು ಪೆಟ್ಟಿಗೆಯತ್ತ ಕೈ ತೋರಿಸಿದ. "ಈ ನೀಲಿ ಪಟ್ಟೆಯವು ಆರು ಕೊಡಿ ಹೆಡ್ವಿಕಮ್ಮ. ತೊಟ್ಟಿ ಖಾಲಿ ಖಾಲಿ ಕಾಣತ್ತೆ."

"ಕೊಡಲ್ಲ."

"ಮತ್ತೆ ಮಾರೋಕೆ ಅಲ್ವಾ ಕೂತಿರೋದು?"

"ಮಾರೋಕೆ ಕೂತಿದೀನಿ, ಸಾಯಿಸೋಕಲ್ಲ. ನಿನ್ನ ಬ್ಯಾರನ್‌ಗೂ ಇವಕ್ಕೂ ಒಂದೇ ಪಟ್ಟೆ. ತನ್ನ ಹಾಗೇ ಇರೋನನ್ನ ಕಂಡರೆ ಅದಕ್ಕೆ ಮೈಯೆಲ್ಲ ಉರಿ. ಗಂಡಸರ ಬುದ್ಧಿ, ನಿನಗೆ ಹೇಳಿಕೊಡಬೇಕೇನಯ್ಯಾ?" ಅವಳು ಇನ್ನೊಂದು ಪೆಟ್ಟಿಗೆ ತಟ್ಟಿದಳು. "ಈ ತುಕ್ಕಿನ ಬಣ್ಣದವು ತಗೊಂಡು ಹೋಗು. ಕಣ್ಣಿಗೆ ಹಬ್ಬ ಅಲ್ಲ, ಜಗಳಗಂಟಿಯೂ ಅಲ್ಲ. ಊಟ ಒಂದೇ ಇರಬೇಕು, ಬಣ್ಣ ಬೇರೆ ಇರಬೇಕು. ನಿನ್ನವು, ಇವಳ ಹಳದಿಯವು, ಇವು, ಎಲ್ಲಕ್ಕೂ ಸೊಪ್ಪು, ಬಟಾಣಿ ಸಾಕು."

"ಹಳದಿಯವನ್ನ ಬಿಟ್ಟಾಯ್ತು. ಬಾಲ ಹರಿದುಹಾಕಿದೆ" ಎಂದಳು ಲಿಬುಷೆ.

ಹೆಡ್ವಿಕಾ ಅವಳತ್ತ ತಿರುಗಿದಳು. "ಮೊದಲು ಯಾರನ್ನ ಬಿಟ್ಟಿರಿ?"

"ಬ್ಯಾರನ್‌ನ."

"ಕಲ್ಲು ಕದಲಿಸಿದ್ರಾ?"

ಒತಕರ್ ತುಕ್ಕಿನ ಬಣ್ಣದ ಮೀನುಗಳನ್ನು ಎಣಿಸತೊಡಗಿದ.

"ಚೆನ್ನಾಗಿದೆ ನಿಮ್ಮ ಸಂಸಾರ. ಇದ್ದವನ ಗೂಡು ಇದ್ದ ಹಾಗೇ ಇಟ್ಟು ಹೊಸಬರನ್ನ ಬಿಟ್ಟರೆ ಅವು ಸಾಯೋವರೆಗೂ ನೆಂಟರೇ ಕಣಮ್ಮಾ. ಎಲ್ಲಾ ಹಿಡಿದು ಬಕೆಟ್ಟಿಗೆ ಹಾಕಿ. ಒಂದು ಕಲ್ಲೂ ಹಳೇ ಜಾಗದಲ್ಲಿ ಇರಕೂಡದು. ಹಳದಿಯವು ಇದ್ದಷ್ಟೂ ಒಟ್ಟಿಗೆ ಮೊದಲು ಹೋಗಲಿ, ಜೊತೆಗೆ ಇವು. ಆ ಯಜಮಾನ ಮಾರನೇ ದಿನ, ಕೊನೆಗೆ."

ತುಕ್ಕಿನ ಬಣ್ಣದ ಆರು ಮೀನುಗಳ ಚೀಲವನ್ನು ಕೋಟಿನೊಳಗೆ ಇಟ್ಟುಕೊಂಡು ಅವರು ಲಿಬುಷೆಯ ಮನೆಗೆ ಹೋದರು. ಉಳಿದ ಎಂಟು ಹಳದಿಯವನ್ನು ಬಕೆಟ್ಟಿಗೆ ತುಂಬಿಕೊಂಡರು. ಹಿಂದಿರುಗುವಾಗ ಟ್ರಾಮಿನಲ್ಲಿ ಒತಕರ್ ಕಿಟಕಿಯ ಆಚೆ ನೋಡುತ್ತ ಹೇಳಿದ: "ಕಲ್ಲು ಮುಟ್ಟೋದು ಬೇಡ. ನಡುವೆ ಒಂದು ಗಾಜು ನಿಲ್ಲಿಸೋಣ."

ಯಾಕೆಂದು ಅವಳಿಗೆ ಗೊತ್ತಿತ್ತು. ಆ ಕಲ್ಲುಗಳು ಒತಕರ್‌ನ ತೋಟದ ಮನೆಯ ಬಳಿಯ ಹೊಳೆಯಿಂದ ಮಿಲಾದಾ ಒಂದೊಂದಾಗಿ ಬೆನ್ನ ಮೇಲೆ ಹೊತ್ತು ತಂದವು. ಹಳೆಯ ತೊಟ್ಟಿಯಲ್ಲಿ ಅವಳು ಜೋಡಿಸಿದ್ದನ್ನು ಫೋಟೋ ನೋಡಿಕೊಂಡು ಒತಕರ್ ಹೊಸದರಲ್ಲೂ ಹಾಗೆಯೇ ಜೋಡಿಸಿದ್ದ. ಲಿಬುಷೆ ಆ ದಿನ ಪಕ್ಕದಲ್ಲೇ ನಿಂತು ಕಲ್ಲು ಎತ್ತಿಕೊಟ್ಟಿದ್ದಳು.

ಒತಕರ್‌ನ ಮನೆಯ ಬಾಗಿಲಲ್ಲಿ ಬೂಟು ಬಿಚ್ಚಿ, ಲಿಬುಷೆ ಎಂದಿನಂತೆ ಮನೆಯೊಳಗೆ ಹಾಕಿಕೊಳ್ಳಲು ನೆಂಟರಿಗೆಂದು ಇಟ್ಟ ಚಪ್ಪಲಿಗಳ ಬುಟ್ಟಿಗೆ ಕೈ ಹಾಕಿದಳು. ಬೂದು ಬಣ್ಣದ ಜೋಡಿ, ಯಾರು ಯಾರದೋ ಹಿಮ್ಮಡಿ ತುಳಿದು ಚಪ್ಪಟೆಯಾದದ್ದು. ನಾಲ್ಕು ತಿಂಗಳಿಂದ ಅದನ್ನೇ ಹಾಕುತ್ತಿದ್ದಳು. ಅವಳ ಸ್ವಂತದ ಕೆಂಪು ಚಪ್ಪಲಿ ಈಗಷ್ಟೇ ಬಿಟ್ಟು ಬಂದ ಮನೆಯ ಬಾಗಿಲಲ್ಲಿತ್ತು. ತರಬೇಡ ಎಂದು ಯಾರೂ ಹೇಳಿರಲಿಲ್ಲ. ತರುವುದು ಅವಳಿಗೆ ನೆನಪಾಗಿರಲಿಲ್ಲವೇ? ನೆನಪಾಗಿತ್ತು, ಪ್ರತಿ ಸಲವೂ. ಈ ಒಂದು ವಿಷಯದಲ್ಲಿ ಒತಕರ್‌ನನ್ನು ದೂರುವಂತಿರಲಿಲ್ಲ. ಬುಟ್ಟಿಯನ್ನು ಕಾಲಲ್ಲಿ ಪಕ್ಕಕ್ಕೆ ಸರಿಸಿ ಬರಿಯ ಕಾಲುಚೀಲದಲ್ಲೇ ಒಳಗೆ ಹೋದಳು.

"ಒತಕರ್, ನಾಳೆ ಸಂಘದವರಿಗೆ ಏನು ಹೇಳಲಿ?"

"ಬಿಟ್ಟುಕೊಡ್ತೀನಿ ಅನ್ನು. ಎಷ್ಟು ಸಲ ಹೇಳಲಿ?"

"ಈ ಕಲ್ಲು ಹೀಗೇ ಇದ್ದರೆ ನನ್ನ ಬಾಯಲ್ಲಿ ಆ ಮಾತು ಬರಲ್ಲ."

"ಕಲ್ಲಿಗೂ ಅದಕ್ಕೂ ಏನೇ ಸಂಬಂಧ?"

ಅವಳು ತೊಟ್ಟಿಯ ಮುಂದೆ ಹೋಗಿ ನಿಂತಳು. ಅವನು ಸ್ವಲ್ಪ ಹೊತ್ತು ಅವಳ ಕಾಲುಚೀಲವನ್ನೇ ನೋಡಿದ. ಆಮೇಲೆ ಎದ್ದು ಬಚ್ಚಲಿಗೆ ಹೋದ. ಕೋಪಿಸಿಕೊಂಡ ಎಂದುಕೊಂಡಳು. ಅವನು ಎರಡು ಬಕೆಟ್ಟು, ಹಳೆಯ ಟವೆಲ್ಲುಗಳನ್ನು ಹಿಡಿದು ಬಂದ. ಗಡಿಯಾರ ಬಿಚ್ಚಿಟ್ಟು, ತೋಳು ಮಡಚಿದ.

ಮೀನುಗಳನ್ನೆಲ್ಲ ಹಿಡಿಯುವುದಕ್ಕೇ ಒಂದು ಗಂಟೆ ಬೇಕಾಯಿತು. ನಂತರ ಅವನು ಒಂದೊಂದೇ ಕಲ್ಲು ತೆಗೆದ, ಅವಳು ಒರೆಸಿ ಟವೆಲ್ಲಿನ ಮೇಲಿಟ್ಟಳು. ಎಡಮೂಲೆಯ ಚಪ್ಪಟೆ ಕಲ್ಲಿಗೆ ಬಂದಾಗ ಅವನ ಕೈ ನೀರಿನಲ್ಲೇ ನಿಂತಿತು. ಬ್ಯಾರನ್‌ನ ಗೂಡು ಅದರಡಿಯೇ ಇದ್ದದ್ದು.

"ಇದೊಂದು ಇಲ್ಲೇ ಇರಲಾ?"

ಇರಲಿ ಎನ್ನುವುದು ಅವಳ ನಾಲಗೆಯ ತುದಿಗೆ ಬಂದಿತ್ತು. ಇರಲಿ ಎಂದರೆ ಸಂಜೆ ಸುಖವಾಗಿ ಕಳೆಯುತ್ತಿತ್ತು.

"ಮಿಲಾದಾಳನ್ನ ಆಚೆ ಹಾಕು ಅಂತ ನಾನು ಹೇಳ್ತಿಲ್ಲ. ಕಲ್ಲು ಈ ಮನೇಲೇ ಇರಲಿ. ಆ ಮೂಲೇಲಿ ಬೇಡ, ಅಷ್ಟೇ."

ಅವನು ಅದನ್ನು ಎತ್ತಿದ. ನೀರು ತೊಟ್ಟಿಕ್ಕುತ್ತಿದ್ದ ಕಲ್ಲನ್ನು ಅವಳ ಕೈಗೆ ಕೊಟ್ಟು, "ಎಲ್ಲಿಡಬೇಕೋ ನೀನೇ ಇಡು. ನಾನು ನೋಡಲ್ಲ" ಎಂದು ಅಡುಗೆಮನೆಗೆ ಹೋದ. ಅವಳು ಅದನ್ನು ಬಲಗಡೆ, ಬೆಳಕು ಬೀಳುವಲ್ಲಿ, ಎರಡು ಗುಂಡುಕಲ್ಲುಗಳ ಮೇಲೆ ಚಪ್ಪರದಂತೆ ಇಟ್ಟಳು.

ಉಳಿದವನ್ನೆಲ್ಲ ರಾತ್ರಿಯೇ ತೊಟ್ಟಿಗೆ ಬಿಟ್ಟಿದ್ದರು; ಸೋಮವಾರ ಬೆಳಿಗ್ಗೆ ಬ್ಯಾರನ್‌ನನ್ನು ಬಿಟ್ಟರು. ಅದು ನೆಟ್ಟಗೆ ಎಡಮೂಲೆಗೆ ಹೋಯಿತು; ಅಲ್ಲಿ ಬರೀ ಮರಳು. ತಿರುಗಿತು, ಮೇಲೆ ಬಂತು, ಮತ್ತೆ ಅಲ್ಲಿಗೇ ಹೋಯಿತು. ನೋಡುತ್ತ ಲಿಬುಷೆಗೆ ಅಯ್ಯೋ ಅನ್ನಿಸಿತು. ಚಪ್ಪಟೆ ಕಲ್ಲಿನಡಿಯಿಂದ ಹರಿದ ಬಾಲದ ಹಳದಿ ಮೀನು ಹೊರಗೆ ಬಂದು ನಿಂತಿತು. ಬ್ಯಾರನ್ ಅದರತ್ತ ಒಮ್ಮೆ ನುಗ್ಗಿ, ಅರ್ಧದಲ್ಲೇ ನಿಂತು, ಪಕ್ಕಕ್ಕೆ ಸರಿಯಿತು. ಸಾಧುವಾಯಿತು ಎನ್ನುವಂತಿರಲಿಲ್ಲ. ನಾಳೆ ಏನೋ.

"ಸಕ್ಕರೆ ಎಲ್ಲೇ?" ಅಡುಗೆಮನೆಯಿಂದ ಒತಕರ್ ಕೂಗಿದ.

"ಕೆಳಗಿನ ಕಪಾಟಿನಲ್ಲಿ. ನಿನ್ನೆ ಇಳಿಸಿದೆ."

ಒಂದು ಬಾಗಿಲು ತೆರೆದು ಮುಚ್ಚಿದ ಸದ್ದು, ಇನ್ನೊಂದು, ಮತ್ತೊಂದು. ಅವಳು ಎದ್ದುಹೋಗಿ ತೋರಿಸಲಿಲ್ಲ.

ಮಧ್ಯಾಹ್ನ ತನ್ನ ಮನೆಗೆ ಹೋಗಿ, ಅಲ್ಲಿಂದ ಸಂಘದ ಕಚೇರಿಗೆ ಹೋದಳು. ಮೇಜಿನ ಆಚೆಯ ಹೆಂಗಸು, "ಏನು ತೀರ್ಮಾನ ಮಾಡಿದ್ರಿ?" ಎಂದಳು. ಲಿಬುಷೆ ಕೀಲಿಗಾಗಿ ಚೀಲದಲ್ಲಿ ತಡಕಿದಳು. ಸಿಗಲಿಲ್ಲ. ಕೆಂಪು ಚಪ್ಪಲಿಯ ಒಂದನ್ನು ತೆಗೆದು ಮೇಜಿನ ಮೇಲಿಟ್ಟಳು, ಇನ್ನೊಂದನ್ನೂ ತೆಗೆದಿಟ್ಟಳು. ಕೀಲಿ ಅವುಗಳ ಅಡಿಯಲ್ಲಿತ್ತು.

"ಬಿಟ್ಟುಕೊಡ್ತೀನಿ, ಬರ್ಕೊಳ್ಳಿ" ಎಂದಳು.

ಆ ಹೆಂಗಸು ಬರೆಯುವಷ್ಟು ಹೊತ್ತೂ ಮೇಜಿನಡಿಯಲ್ಲಿ ಲಿಬುಷೆಯ ಕಾಲು ಅಲುಗುತ್ತಲೇ ಇತ್ತು.