ಹತ್ತಿಗೆ ಹತ್ತಿದ ತಲೆಬಣ್ಣ

ಹುಬ್ಬಳ್ಳಿ ಪಕ್ಕದ ಗಬ್ಬೂರಿನ ದುರಗವ್ವನಿಗೆ ನಲವತ್ತು ತುಂಬುವ ಮೊದಲೇ ತಲೆ ಬೆಳ್ಳಗಾಯಿತು. ಆಕೆಯ ತಾಯಿಗೂ ಹಾಗೇ ಆಗಿತ್ತು. ಕೆಲವು ಮನೆತನಗಳಲ್ಲಿ ಅದು ಬರುವುದೇ ಹಾಗೆ. ದುರಗವ್ವ ಅದರ ಬಗ್ಗೆ ಚಿಂತೆ ಮಾಡಿದವಳಲ್ಲ. ತಲೆ ತುಂಬ ಸೆರಗು ಹೊದ್ದು ಕೆಲಸಕ್ಕೆ ಹೋಗುತ್ತಿದ್ದಳು, ಬರುತ್ತಿದ್ದಳು.

ಆಗಿನ್ನೂ ಇಂಗ್ಲಿಷರ ಸರಕಾರ. ದುರಗವ್ವನಿಗೆ ಹುಬ್ಬಳ್ಳಿಯ ಒಂದು ಹತ್ತಿ ಗಿರಣಿಯಲ್ಲಿ ಕೆಲಸ. ಹಳ್ಳಿಗಳಿಂದ ಬಂದ ಹತ್ತಿಯನ್ನು ಅಲ್ಲಿ ಯಂತ್ರಕ್ಕೆ ಹಾಕಿ ಬೀಜ ಬೇರೆ, ಅರಳೆ ಬೇರೆ ಮಾಡುತ್ತಿದ್ದರು. ಯಂತ್ರಕ್ಕೆ ಹೋಗುವ ಮೊದಲು ಹತ್ತಿಯೊಳಗಿನ ಎಲೆಚೂರು, ಕಸಕಡ್ಡಿ, ಕೊಳೆತ ತೊಳೆ ಆರಿಸಿ ತೆಗೆಯಬೇಕು. ಅದು ಹೆಂಗಸರ ಪಾಲಿನ ಕೆಲಸ. ಗಂಡ ಗಿರಿಯಪ್ಪ ಸ್ಟೇಶನ್ನಿನ ಮುಂದೆ ಟಾಂಗಾ ಹೊಡೆಯುತ್ತಿದ್ದ. ಊರಲ್ಲಿ ಮೋಟಾರುಗಳು ಓಡಾಡತೊಡಗಿದ ಮೇಲೆ ಟಾಂಗಾಕ್ಕೆ ಗಿರಾಕಿ ಕಡಿಮೆಯಾಗಿದ್ದರು. ಹಾಗಾಗಿ ಮನೆಯಲ್ಲಿ ಒಲೆ ಉರಿಯಬೇಕೆಂದರೆ ದುರಗವ್ವನ ದುಡಿಮೆ ಬೇಕೇ ಬೇಕು.

ಆ ಹಂಗಾಮಿನಲ್ಲಿ ಗಿರಣಿಗೆ ಹುಲಗಪ್ಪ ಎಂಬ ಹೊಸ ಮುಕಾದಮ ಬಂದ. ಆಳುಗಳ ಮೇಲ್ವಿಚಾರಣೆ ಅವನದು. ಅವನು ಬಂದ ಕೂಡಲೇ ಒಂದು ಸುದ್ದಿಯೂ ಹಬ್ಬಿತು. ಹತ್ತಿಯ ದರ ಬಿದ್ದಿದೆ, ಆಳು ಕಡಿಮೆ ಮಾಡುತ್ತಾರೆ, ಮೊದಲು ವಯಸ್ಸಾದವರನ್ನೇ ಬಿಡಿಸುತ್ತಾರೆ ಎಂದು.

ದುರಗವ್ವ ಅದನ್ನು ಮನೆಯಲ್ಲಿ ಹೇಳಿದಳು. ಗಿರಿಯಪ್ಪ ಮರುದಿನ ಕಾಗದದಲ್ಲಿ ಸುತ್ತಿದ ಒಂದು ಕಪ್ಪು ಗಟ್ಟಿ ತಂದ.

"ಸ್ಟೇಶನ್ ಮುಂದ ಒಬ್ಬ ಮಾರಾಕತ್ತಿದ್ದ. ನೀರಾಗ ತೇಯ್ದು ಹಚ್ಚಿಕೊಂಡ್ರ ಸಾಕಂತ, ಕೂದಲಾ ಕರ್ರಗ ಆಗ್ತಾವಂತ. ನಿನಗ ಅಂಥಾ ವಯಸ್ಸರ ಏನಾಗೈತಿ? ತಲಿ ಒಂದು ಬೆಳ್ಳಗಾಗೈತಿ, ಅಷ್ಟ."

"ಏನ್ ಹಾಕಿರ್ತಾರೋ ಏನೋ ಅದರಾಗ."

"ಏನರ ಹಾಕಿರಲಿ. ಕೆಲಸ ಉಳದ್ರ ಸಾಕು."

ಬೆಳಿಗ್ಗೆ ದುರಗವ್ವ ಬಣ್ಣ ತೇಯ್ದು ಹಚ್ಚಿಕೊಂಡಳು. ಒಣಗಿದ ಮೇಲೆ ಕನ್ನಡಿ ನೋಡಿದಳು. ಮದುವೆಯಾಗಿ ಗಬ್ಬೂರಿಗೆ ಬಂದಾಗ ಇದ್ದ ಮುಖ ಅಲ್ಲಿ ಕಂಡಂತಾಯಿತು. ಸುಳ್ಳು ಯಾಕೆ ಹೇಳಬೇಕು, ಆಕೆಗೆ ಸಂತೋಷವಾಯಿತು. ಆವತ್ತು ಗಿರಣಿಯ ದಾರಿಯಲ್ಲಿ ಸೆರಗನ್ನು ತುಸು ಹಿಂದಕ್ಕೆ ಸರಿಸಿಯೇ ನಡೆದಳು.

ಆದರೆ ಗಿರಣಿಯೊಳಗೆ ಸೆಕೆ. ಮೇಲೆ ತಗಡು, ಪಕ್ಕದಲ್ಲಿ ಯಂತ್ರ. ಬೆವರು ಬಂದ ಹಾಗೆ ಬಣ್ಣ ಇಳಿಯಿತು. ಸಂಜೆ ಮನೆಗೆ ಬಂದಾಗ ತಲೆ ಒಲೆಯ ಬೂದಿಯ ಬಣ್ಣಕ್ಕೆ ತಿರುಗಿತ್ತು.

"ತಲ್ಯಾಗ ಎಣ್ಣಿ ಜಿಡ್ಡು ಇರಬೇಕು, ಅದಕ್ಕ ಬಣ್ಣ ಹಿಡದಿಲ್ಲ. ಸೋಡಾ ಹಾಕಿ ತೊಳಿ, ಮತ್ತ ಹಚ್ಚು," ಎಂದ ಗಿರಿಯಪ್ಪ.

ಹಾಗೇ ಮಾಡಿದಳು. ಬಟ್ಟೆ ಒಗೆಯುವ ಸೋಡಾ, ಕುದಿಯುವಂಥ ನೀರು, ಗಸಗಸ ತಿಕ್ಕುವುದು. ಮರುದಿನ ಮತ್ತೆ ಬಣ್ಣ. ಸಂಜೆ ಮತ್ತೆ ಸೋಡಾ. ಬಣ್ಣ ನಿಲ್ಲಲಿ ಎಂದು ಎಣ್ಣೆ ಮುಟ್ಟುವುದನ್ನೇ ಬಿಟ್ಟಳು. ವಾರ ಕಳೆಯುವುದರಲ್ಲಿ ಕೂದಲು ಕಸಬರಿಗೆಯ ಹಾಗೆ ಬಿರುಸಾಯಿತು. ಬಾಚಿದರೆ ತುಂಡು ತುಂಡಾಗಿ ಹಣಿಗೆಗೆ ಬರುತ್ತಿತ್ತು. ನೆತ್ತಿ ಬಿಗಿದು ತುರಿಸತೊಡಗಿತು. ಒಣಗಿದ ಕೂದಲಲ್ಲಿ ಬಣ್ಣ ಒಂದು ಕಡೆ ಹಿಡಿದರೆ ಇನ್ನೊಂದು ಕಡೆ ಬಿಡುತ್ತಿತ್ತು. ಅದಕ್ಕೆಂದು ಇನ್ನಷ್ಟು ಗಟ್ಟಿಯಾಗಿ ತೇಯ್ದು ಹಚ್ಚಿದಳು. ಯಾರಿಗೂ ಹೇಳಲಿಲ್ಲ. ಹೇಳಿಕೊಳ್ಳಲು ನಾಚಿಕೆ.

ಒಂದು ದಿನ ಹತ್ತಿಯ ರಾಶಿಯ ಮೇಲೆ ಬಾಗಿ ಕಸ ಆರಿಸುತ್ತಿದ್ದಳು. ಹಣೆಯಿಂದ ಬೆವರು ಇಳಿದು ತೊಟ್ಟಿಕ್ಕಿತು. ನೋಡಿದರೆ ಬಿಳಿ ಹತ್ತಿಯ ಮೇಲೆ ಕರಿ ಹನಿಗಳು. ಗಾಬರಿಯಲ್ಲಿ ಒರೆಸಲು ಹೋದಳು. ಕೈಗೂ ಬಣ್ಣ ಹತ್ತಿ ಕಲೆ ಇನ್ನಷ್ಟು ಹರಡಿತು.

ಹುಲಗಪ್ಪ ಅಲ್ಲೇ ಹಿಂದೆ ನಿಂತಿದ್ದ. ಕಲೆಯಾದ ಹತ್ತಿಯನ್ನು ಕೈಗೆತ್ತಿಕೊಂಡ. ಆಕೆಯ ಹಣೆಯನ್ನೂ ನೋಡಿದ. ಸಾಲಿನಲ್ಲಿ ಕೂತ ಹೆಂಗಸರೆಲ್ಲ ಕೈ ನಿಲ್ಲಿಸಿದ್ದರು.

"ಹತ್ಯಾಗ ಕಲಿ ಬಂತಂದ್ರ ವ್ಯಾಪಾರಿ ಇಡೀ ಮೂಟಿನ ವಾಪಸ್ ಕಳಸ್ತಾನ. ಗೊತ್ತೈತಿಲ್ಲ ನಿನಗ?"

"ಗೊತ್ತೈತ್ರಿ."

"ಇನ್ನೊಮ್ಮೆ ಹಿಂಗ ಆತಂದ್ರ ನಿನಗ ಇಲ್ಲಿ ಕೆಲಸಿಲ್ಲ ನೋಡು."

ಅವನು ಕೂಗಾಡಲಿಲ್ಲ. ಕೂಗಾಡಿದ್ದರೇ ವಾಸಿ ಎನ್ನಿಸಿತು ದುರಗವ್ವನಿಗೆ.

ಸಂಜೆ ಆಕೆ ತನ್ನ ಮನೆಗೆ ಹೋಗದೆ ಪಕ್ಕದ ಮನೆಯ ದಾವಲಬಿಯ ಕಟ್ಟೆಯ ಮೇಲೆ ಹೋಗಿ ಕೂತಳು. ದಾವಲಬಿಯ ಗಂಡ ಗುಲಾಬಸಾಬ ಹುಬ್ಬಳ್ಳಿ ಪೇಟೆಯಲ್ಲಿ ಅತ್ತರು, ಕಣ್ಣಿಗೆ ಹಚ್ಚುವ ಸುರಮಾ, ತಲೆ ಎಣ್ಣೆ ಮಾರುತ್ತಿದ್ದ. ಎಣ್ಣೆ ಕಾಯಿಸುವ ಕೆಲಸ ದಾವಲಬಿಯದು. ಅತ್ತೆಯಿಂದ ಕಲಿತದ್ದು. ಕೂದಲಿನ ದೂರು ಹೇಳಿಕೊಂಡು ಹೆಂಗಸರು ಬರುತ್ತಿದ್ದದ್ದು ಅವಳ ಹತ್ತಿರವೇ.

ದಾವಲಬಿ ಏನೂ ಕೇಳದೆ ದುರಗವ್ವನ ಸೆರಗು ಸರಿಸಿ ತಲೆ ಮುಟ್ಟಿ ನೋಡಿದಳು.

"ಎಷ್ಟ ದಿನದಿಂದ ಎಣ್ಣಿ ಕಾಣಿಸಿಲ್ಲ ಇದಕ್ಕ?"

"ಬಣ್ಣ ನಿಲ್ಲೂದಿಲ್ಲಂತ ಬಿಟ್ಟೇನಿ ಅಕ್ಕಾ." ಆಮೇಲೆ ದುರಗವ್ವ ನಡೆದದ್ದನ್ನೆಲ್ಲ ಹೇಳಿದಳು. ಹೇಳುತ್ತ ಹೇಳುತ್ತ ಅತ್ತಳು. "ಬಣ್ಣ ಹಚ್ಚಿದ್ರ ಹೊಲಸಾಗ್ತೈತಿ, ಹಚ್ಚಲಿಲ್ಲಂದ್ರ ಮುದುಕಿ ಕಾಣ್ತೇನಿ. ನಿಮ್ಮ ಅಂಗಡ್ಯಾಗ ಇದಕ್ಕಿಂತ ಗಟ್ಟಿ ಬಣ್ಣ ಇದ್ರ ಕೊಡು."

"ಐತಿ. ಆದ್ರ ಈಗ ಕೊಡೂದಿಲ್ಲ."

ದುರಗವ್ವ ತಲೆ ಎತ್ತಿ ನೋಡಿದಳು.

"ನೀ ಹಚ್ಚಿದ್ದು ಮಸಿ, ಗೋಂದು ಕಲಸಿದ್ದು ಇರಬೇಕು," ಎಂದಳು ದಾವಲಬಿ. "ಅಂಥಾ ಬಣ್ಣ ಕೂದಲಿನ ಮ್ಯಾಲ ಕೂಡತೈತಿ, ಒಳಗ ಇಳಿಯೂದಿಲ್ಲ. ನೀರು ಬಿದ್ರ, ಬೆವರು ಬಂದ್ರ ಹೋಗೂದ ಅದರ ಗುಣ. ಅದು ಹೋತಂದ್ರ ನಿಂದೇನೂ ತಪ್ಪಿಲ್ಲ. ಹೋದದ್ದರ ಬೆನ್ನ ಹತ್ತಿ ದಿನಾ ತಿಕ್ಕಿ ದಿನಾ ಹಚ್ಚಿದಿ ನೋಡು, ಕೂದಲಾ ಅದರಿಂದ ಸತ್ತಾವು. ಗೋಂದು ಕೂದಲಾಗಿನ ಜಿಡ್ಡು ಹೀರತೈತಿ. ಉಳದದ್ದನ್ನ ಸೋಡಾ ಒಯ್ತೈತಿ."

ಅಷ್ಟರಲ್ಲಿ ಹೆಂಡತಿಯನ್ನು ಹುಡುಕುತ್ತ ಗಿರಿಯಪ್ಪ ಬಂದ. ಮಾತು ಅವನ ಕಿವಿಗೂ ಬಿದ್ದಿತ್ತು.

"ಸೋಡಾದಿಂದ ಅರಿವಿ ಹಸನಾಗ್ತಾವ. ತಲಿಗೆ ಯಾಕ ಆಗಬಾರದ್ರಿ?" ಎಂದ. ಬಣ್ಣ ತಂದವನು ತಾನೇ ಆದ್ದರಿಂದ ಮಾತಿನಲ್ಲಿ ಸ್ವಲ್ಪ ಬಿರುಸು ಇತ್ತು. "ನೀವು ಎಣ್ಣಿ ಮಾರೋರು ದಾವಲಬಿ ಅಕ್ಕಾರ. ಎಣ್ಣಿ ಬೇಕಂತನ ಹೇಳ್ತೀರಿ."

ದಾವಲಬಿ ಸಿಟ್ಟಾಗಲಿಲ್ಲ. "ನಮ್ಮ ಎಣ್ಣಿ ಬ್ಯಾಡ ಗಿರಿಯಪ್ಪಣ್ಣ. ನಿಮ್ಮ ಟಾಂಗಾದ ಪೆಟ್ಟಿಗ್ಯಾಗ ಔಡಲೆಣ್ಣಿ ಇರತೈತಲ್ಲ, ಅದು ಯಾತಕ್ಕರಿ?"

"ಲಗಾಮಿಗೆ, ಪಟ್ಟಾಕ್ಕ. ಚರ್ಮದ್ದು ನೋಡ್ರಿ ಅದು."

"ಹಚ್ಚದಿದ್ರ?"

"ಒಣಗಿ ಸೀಳ್ತಾವ್ರಿ."

"ಮಳ್ಯಾಗ ನೆನೆದ ಪಟ್ಟಾನ ಬಿಸಿಲಿಗೆ ಹಾಕಿ, ಒಣಗಿಸಿ, ಎಣ್ಣಿ ಹಚ್ಚದ ಮತ್ತ ಕುದರಿಗೆ ಬಿಗೀತೀರೇನು? ದಿನಾ ಹಂಗ ಮಾಡಿದ್ರ ಎಷ್ಟ ದಿನ ಬಂದೀತು?"

ಗಿರಿಯಪ್ಪ ಹೆಂಡತಿಯ ತಲೆ ನೋಡಿದ. ಬೈತಲೆಯ ಅಕ್ಕಪಕ್ಕ ಚರ್ಮ ಕೆಂಪಾಗಿ ಬಿರಿದಿತ್ತು. ದಿನಾ ಒಂದೇ ಮನೆಯಲ್ಲಿದ್ದೂ ಅವನು ಅದನ್ನು ಇಷ್ಟು ಹತ್ತಿರದಿಂದ ನೋಡಿರಲಿಲ್ಲ. ಕಟ್ಟೆಯ ಮೇಲೆ ಮೆಲ್ಲಗೆ ಕೂತ.

"ಈಗ ಏನ್ ಮಾಡೂದ್ರಿ?" ಎಂದ.

"ಮೊದಲ ಬಣ್ಣ ಬಿಡ್ರಿ. ನೆತ್ತಿ ಮಾಯೂತನಾ ಯಾವ ಬಣ್ಣಾನೂ ಬ್ಯಾಡ. ಕೀವು ಆತು, ಉರಿ ಹೆಚ್ಚಾತು ಅಂದ್ರ ನನ್ನ ಕಡೆ ಬರಬ್ಯಾಡ್ರಿ, ದವಾಖಾನಿಗೆ ಹೋಗ್ರಿ. ಬಿರಿದ ಜಾಗಾ ಬಿಟ್ಟು ಉಳಿದ ಕೂದಲಿಗೆ ಕೊಬ್ಬರಿ ಎಣ್ಣಿ ಉಗುರುಬೆಚ್ಚಗ ಮಾಡಿ ಹಚ್ಚಬೇಕು. ತುದಿಗೆ ಹೆಚ್ಚು, ಯಾಕಂದ್ರ ಮೊದಲ ಒಣಗೂದು ತುದಿ. ಸೋಡಾ ಮುಟ್ಟಬ್ಯಾಡ. ಕಡ್ಲಿ ಹಿಟ್ಟಿಗೆ ಮಜ್ಜಿಗಿ ಹಾಕಿ ಕಲಸಿ ಅದರಲೆ ತೊಳಿ. ದಿನಾ ಅಲ್ಲ, ವಾರಕ್ಕ ಒಮ್ಮೆ ಇಲ್ಲಾ ಎರಡ ಸಲ. ನೀರು ತಣ್ಣಗಿದ್ರ ಛಲೋ, ಬೆಚ್ಚಗಿದ್ರೂ ನಡೀತೈತಿ, ಸುಡಬಾರದು. ಹಸಿ ಕೂದಲಾ ಬಾಚಬ್ಯಾಡ ದುರಗವ್ವ, ಜಗ್ಗಿದ್ರ ಹರೀತಾವ. ಬಿಸಿಲಾಗ ತಲಿ ಮುಚ್ಚಿಕೊಂಡು ಹೋಗು."

"ಮುಂದ ಎಂದರ ಬಣ್ಣ ಹಚ್ಚಬೇಕಂದ್ರ?" ದುರಗವ್ವ ಮೆತ್ತಗೆ ಕೇಳಿದಳು.

ದಾವಲಬಿ ನಕ್ಕಳು. "ಹಚ್ಚಿಕೋ. ಬ್ಯಾಡ ಅನ್ನಾಕ ನಾ ಯಾರು? ಆದ್ರ ಹಿಂದಿನ ದಿನ ಎಣ್ಣಿ ಹಚ್ಚಿ, ತೊಳಕೊಂಡು, ಒಣಗಿದ ಮ್ಯಾಲ ಹಚ್ಚಬೇಕು. ಮೊದಲ ಮೊಣಕೈ ಒಳಗ ಚೂರು ಹಚ್ಚಿ ಒಂದ ದಿನ ನೋಡು. ತುರಿಕಿ ಬಂದ್ರ ಚೆಲ್ಲು. ಬಣ್ಣ ಮಾಸಿತು ಅಂತ ಇಡೀ ತಲಿಗೆ ಮತ್ತ ಬಳಕೋಬ್ಯಾಡ, ಹಣಿ ಕಡೆ, ಕಿವಿ ಕಡೆ ಕಾಣೂವಷ್ಟು ಹಚ್ಚಿದ್ರ ಸಾಕು. ರಾತ್ರಿ ಹಂಗ ಮಲಗಬ್ಯಾಡ, ತೊಳದು ಎಣ್ಣಿ ಹಚ್ಚಿ ಮಲಗು."

"ಅದೆಲ್ಲ ಆತು ಅಕ್ಕಾ. ನಾಳೆ ಬಿಳಿ ತಲಿ ಇಟ್ಕೊಂಡು ಹೋದ್ರ ನನ್ನ ಬಿಡಸ್ತಾರಲ್ಲ?"

"ಅದು ನನಗ ಗೊತ್ತಿಲ್ಲ," ಎಂದಳು ದಾವಲಬಿ. "ಗೊತ್ತಿಲ್ಲದ್ದು ಹೇಳೂದಿಲ್ಲ. ಆದ್ರ ಇವತ್ತು ನಿನ್ನ ಬೈಸಿದ್ದು ಬಿಳಿ ಕೂದಲಲ್ಲ, ಕರಿ ಬಣ್ಣ. ಅದನ್ನ ವಿಚಾರ ಮಾಡು."

ಆ ಸಂಜೆ ಗಿರಿಯಪ್ಪ ತಾನೇ ಕಡಲೆ ಹಿಟ್ಟು ಕಲಸಿ ಕೊಟ್ಟ. ದುರಗವ್ವ ಬಗ್ಗಿ ಕೂತಾಗ ಚೊಂಬಿನಿಂದ ನೀರು ಹಾಕಿದ. ಕಪ್ಪು ನೀರು ಬಚ್ಚಲಲ್ಲಿ ಹರಿದು ಹೋಯಿತು. ಎಣ್ಣೆ ಹಚ್ಚಿದಾಗ ನೆತ್ತಿಯ ಬಿಗಿತ ಸಡಿಲಾದಂತೆ ಆಗಿ ದುರಗವ್ವ ಕಣ್ಣು ಮುಚ್ಚಿದಳು.

ಮರುದಿನ ಗಿರಣಿಯ ಬಾಗಿಲಲ್ಲಿ ಹುಲಗಪ್ಪ ನಿಂತಿದ್ದ. ದುರಗವ್ವ ಅವನ ಮುಂದೆ ಹೋಗಿ ಸೆರಗು ಸರಿಸಿದಳು.

"ಮುಕಾದಮರ, ನನ್ನ ತಲಿ ಬೆಳ್ಳಗೈತ್ರಿ. ಕೆಲಸ ಹೋಗ್ತೈತಂತ ಅಂಜಿ ಬಣ್ಣ ಹಚ್ಚಿದ್ದೆ. ಇನ್ನ ಗಿರಣಿಗೆ ಬಣ್ಣ ಹಚ್ಚಿಕೊಂಡು ಬರೂದಿಲ್ಲ. ಇಟ್ಕೊಳ್ಳೂದು ಬಿಡೂದು ನನ್ನ ಕೈಕೆಲಸ ನೋಡಿ ಮಾಡ್ರಿ, ತಲಿ ನೋಡಿ ಬ್ಯಾಡ್ರಿ."

ಹುಲಗಪ್ಪ ಒಳಗೆ ಕೈ ತೋರಿಸಿದ. ಬೆಳಗಿನ ಪಾಳಿಯವರು ಆಗಲೇ ಕೆಲಸಕ್ಕೆ ಹತ್ತಿದ್ದರು. ಗಾಳಿಯ ತುಂಬ ಹತ್ತಿಯ ಎಳೆ ಹಾರುತ್ತಿತ್ತು. ಹದಿನೆಂಟರ ಹುಡುಗಿಯರಿಂದ ಹಿಡಿದು ಯಂತ್ರದ ಮುಂದಿನ ಗಂಡಸರವರೆಗೆ ಎಲ್ಲರ ತಲೆ, ಹುಬ್ಬು, ಮೀಸೆಯ ಮೇಲೂ ಎಳೆ ಕೂತಿತ್ತು.

"ಇಲ್ಲಿ ಯಾರ ತಲಿ ಕರ್ರಗೈತಿ ಹೇಳು ನೋಡೂಣು," ಎಂದ ಹುಲಗಪ್ಪ. "ಹೋಗು, ರಾಶಿ ಕಾಯಾಕತ್ತೈತಿ."

ಆ ಹಂಗಾಮಿನಲ್ಲಿ ಕೆಲವರನ್ನು ಬಿಡಿಸಿದ್ದು ನಿಜ. ಅವರಲ್ಲಿ ಬಿಳಿ ತಲೆಯವರೂ ಇದ್ದರು, ಕರಿ ತಲೆಯವರೂ ಇದ್ದರು. ದುರಗವ್ವ ಉಳಿದಳು. ಆಕೆ ಆರಿಸಿದ ಹತ್ತಿಯಲ್ಲಿ ಕಸ ಇರುವುದಿಲ್ಲ ಎಂದು ಹುಲಗಪ್ಪನೇ ಮಾಲೀಕರಿಗೆ ಹೇಳಿದನಂತೆ.

ನೆತ್ತಿ ಬೇಗ ಮಾಯಿತು. ತುಂಡಾದ ಕೂದಲು ಮಾತ್ರ ಸಾವಕಾಶ ಬೆಳೆಯಿತು. ಸತ್ತ ತುದಿಯನ್ನು ಎಣ್ಣೆ ಬದುಕಿಸಲಾರದು. ಅದನ್ನು ದಾವಲಬಿ ಕತ್ತರಿಯಿಂದ ಸಮ ಮಾಡಿದಳು. ಹೊಸದು ಬರುವವರೆಗೆ ಕಾಯಬೇಕಾಯಿತು.

ಮುಂದಿನ ಬೇಸಿಗೆಯಲ್ಲಿ ತಂಗಿ ಸಾವಂತ್ರೆವ್ವನ ಮನೆಯಲ್ಲಿ ಮದುವೆ. ದುರಗವ್ವನಿಗೆ ಬಣ್ಣ ಹಚ್ಚಿಕೊಳ್ಳುವ ಮನಸ್ಸಾಯಿತು. ಈ ಸಲ ದಾವಲಬಿಯ ಹತ್ತಿರವೇ ತಂದಳು, ಹೇಳಿದಂತೆಯೇ ಹಚ್ಚಿದಳು. ಮದುವೆಯಲ್ಲಿ ಎಲ್ಲರೂ ಚೆಂದ ಕಾಣುತ್ತೀ ಎಂದರು. ಊರಿಗೆ ಬಂದ ಮೇಲೆ ಗಿರಿಯಪ್ಪ ನೋಡಿ ಹೇಳಿದ:

"ಬಣ್ಣ ಬಿಡಾಕತ್ತೈತಲ್ಲ."

"ಬಿಡಲಿ ಬಿಡ್ರಿ," ಎಂದಳು ದುರಗವ್ವ. "ಕೊಬ್ಬರಿ ಎಣ್ಣಿ ಬಟ್ಟಲಾ ಇತ್ತಾಗ ಕೊಡ್ರಿ."

ಅಕ್ಕಂದಿರೇ, ತಂಗಿಯರೇ, ಅಣ್ಣಂದಿರೇ, ತಲೆಗೆ ಬಣ್ಣ ಹಚ್ಚಿಕೊಳ್ಳುವುದು ತಪ್ಪಲ್ಲ. ಹಚ್ಚದೇ ಇರುವುದೂ ತಪ್ಪಲ್ಲ. ಹಚ್ಚಿಕೊಂಡ ಬಣ್ಣ ಮಾಸತೊಡಗಿದರೆ ಸೋಡಾ ಸುರಿದು, ಸುಡುನೀರು ಹಾಕಿ, ಮೇಲಿಂದ ಮೇಲೆ ಬಳಿದು ಅದರ ಬೆನ್ನು ಹತ್ತಬೇಡಿ. ಕೂದಲು ಒಣಗಿದೆಯೇ ಎಂದು ಇವತ್ತೇ ತುದಿ ಮುಟ್ಟಿ ನೋಡಿ. ಒಣಗಿದ್ದರೆ ಬಣ್ಣಕ್ಕೆ ಬಿಡುವು ಕೊಡಿ, ಎಣ್ಣೆ ಕೊಡಿ, ಮೆತ್ತಗೆ ತೊಳೆಯಿರಿ. ನೆತ್ತಿ ಹುಣ್ಣಾಗಿದ್ದರೆ ನಾಚಿಕೊಂಡು ಮುಚ್ಚಿಡಬೇಡಿ, ದವಾಖಾನೆಗೆ ಹೋಗಿ. ನಿಮ್ಮ ಓಣಿಯಲ್ಲಿ ಯಾರಾದರೂ ಇದೇ ಕಷ್ಟವನ್ನು ಸೆರಗಿನ ಕೆಳಗೆ ಮುಚ್ಚಿಕೊಂಡು ಓಡಾಡುತ್ತಿರಬಹುದು. ಅವರನ್ನು ಕರೆದು ಕೂರಿಸಿ, ಈ ಮಾತು ಹೇಳಿ.