ನಾಲ್ಕು ಬೆರಳ ಜೂಲ

ತನುಜಾಳ ಗಿರಾಕಿಗಳಿಗೆ ನಾಲ್ಕು ಕಾಲು, ಎರಡು ಕೋಡು. ಅಳತೆ ತೆಗೆಯಲು ಹೋದರೆ ಬುಸುಗುಡುತ್ತವೆ, ಹೊಲಿಗೆ ಎಷ್ಟೇ ಚೆನ್ನಾಗಿ ಬಂದರೂ ಒಂದು ಒಳ್ಳೆಯ ಮಾತಾಡುವುದಿಲ್ಲ. ಹಿರೇಕೆರೂರಿನ ಆಕೆಯ ಅಂಗಡಿಯ ಮೇಲೆ ಇವತ್ತಿಗೂ ‘ಲೇಡೀಸ್ ಟೇಲರ್’ ಎಂಬ ಬೋರ್ಡೇ ಇದೆ. ಆದರೆ ಐದು ವರ್ಷಗಳಿಂದ ಅಲ್ಲಿ ಹೊಲಿಯುವುದೆಲ್ಲ ದೀಪಾವಳಿಯ ಹೋರಿ ಹಬ್ಬಕ್ಕೆ ಬೇಕಾದ ಜೂಲಗಳನ್ನು. ಕೀಳಲು ಜನ ಮುಗಿಬೀಳುವ ಕೊಬ್ಬರಿ ಸರ ಕಟ್ಟಿಕೊಂಡು ಜನಜಂಗುಳಿಯ ನಡುವೆ ಓಡುವ ಹೋರಿಯ ಬೆನ್ನ ಮೇಲೆ ಹಾಕುವ ಜರಿಯ ಹೊದಿಕೆಯೇ ಜೂಲ. ಅದರ ಮೇಲೆ ಹೋರಿಯ ಹೆಸರು, ಊರಿನ ಹೆಸರು, ಒಡೆಯನ ಜಂಬ ಮೂರನ್ನೂ ಹೊಲಿಯಬೇಕು.

ಈ ಕಸುಬಿಗೆ ಕಟ್ಟಳೆ ಒಂದೇ. ಹೊಸ ಜೂಲ ಅಖಾಡದ ಬಾಗಿಲಿಗೆ ಬರುವ ತನಕ ಹೊರಗಿನವರ ಕಣ್ಣಿಗೆ ಬೀಳಬಾರದು. ಯಾವ ಬಣ್ಣ, ಎಷ್ಟು ಜರಿ ಎಂಬುದು ಎದುರಾಳಿಗೆ ತಿಳಿದರೆ ಆತ ಅದಕ್ಕಿಂತ ಒಂದು ಗೇಣು ಹೆಚ್ಚು ಹಾಕಿಸಿಕೊಂಡು ಬಂದು ಮೀಸೆ ತಿರುವುತ್ತಾನೆ. ಮಗಳ ಮದುವೆಯ ವಿಷಯವನ್ನು ಚಹಾದಂಗಡಿಯಲ್ಲಿ ಬಾಯ್ತುಂಬ ಮಾತಾಡುವ ಗಂಡಸರು ಜೂಲದ ವಿಷಯ ಬಂದರೆ ಆಕಾಶ ನೋಡುತ್ತಾರೆ. ತನುಜಾಳ ಬಳಿ ಅವರು ಬರುತ್ತಿದ್ದದ್ದು ಅರ್ಧ ಹೊಲಿಗೆಗಾಗಿ, ಇನ್ನರ್ಧ ಆಕೆ ಬಾಯಿ ಬಿಡುವುದಿಲ್ಲ ಎಂಬ ನಂಬಿಕೆಗಾಗಿ.

ಬಾಯಿ ಬಿಡದೆ ವ್ಯಾಪಾರ ಬೆಳೆಸುವುದು ಹೇಗೆ? ಇನ್‌ಸ್ಟಾಗ್ರಾಂ ಎನ್ನುವುದು ಇದ್ದದ್ದನ್ನೆಲ್ಲ ತೋರಿಸುವವರ ಸಂತೆ. ಮೊದಮೊದಲು ತನುಜಾ ಹಳೆಯ ಜೂಲಗಳ ಫೋಟೋ ಹಾಕಿದಳು, ನಾಯಿಯೂ ಮೂಸಲಿಲ್ಲ. ಆಮೇಲೊಂದು ದಿನ ತಯಾರಾಗುತ್ತಿದ್ದ ಒಂದು ಜೂಲದ ಅಂಚನ್ನು ನಾಲ್ಕು ಬೆರಳು ಅಗಲ ಮಾತ್ರ ತೋರಿಸಿ, ‘ಇದು ಯಾರ ಹೋರಿದು? ಹೇಳ್ರಿ ನೋಡೋಣು’ ಎಂದು ಬರೆದಳು. ಹಚ್ಚಿದ್ದು ಒಂದು ಕಡ್ಡಿ ಅಷ್ಟೇ. ಹಾನಗಲ್ಲಿನವರು ನಮ್ಮದೆಂದರು, ಸವಣೂರಿನವರು ಆ ಬಣ್ಣ ನಮ್ಮಪ್ಪನ ಕಾಲದಿಂದ ನಮ್ಮದೆಂದರು, ಶಿಗ್ಗಾವಿಯವರು ಇಬ್ಬರನ್ನೂ ಬೈದರು. ವರ್ಷ ತುಂಬುವುದರೊಳಗೆ ಆಕೆಯ ಪೇಜಿಗೆ ನಲವತ್ತು ಸಾವಿರ ಜನ ಸೇರಿದರು. ಶಿಕಾರಿಪುರ, ಸೊರಬದ ಕಡೆಯಿಂದಲೂ ಫೋನು ಬರತೊಡಗಿದವು. ಮುಚ್ಚಿಡುವ ಪದ್ಧತಿಯನ್ನೇ ಆಕೆ ಮಾರಾಟಕ್ಕಿಟ್ಟಿದ್ದಳು. ಅದರ ಬಗ್ಗೆ ಆಕೆಗೆ ಸ್ವಲ್ಪ ಜಂಬವೂ ಇತ್ತು, ಇರಬೇಕಾದದ್ದೇ.

ಶ್ರಾವಣದಲ್ಲಿ ಅಬಲೂರಿನ ಉಳಿವೆಪ್ಪ ಬಂದ. ಆತನ ಹೋರಿ ‘ಅಬಲೂರ ಸಿಡಿಲು’ ಸುತ್ತಲಿನ ನಾಲ್ಕೂ ತಾಲ್ಲೂಕಿಗೆ ಗೊತ್ತು. ಏಳು ಹಬ್ಬ ಓಡಿ, ಒಂದು ಬಿಲ್ಲೆ ಕೊಬ್ಬರಿ ಕೀಳಲು ಯಾರಿಗೂ ಕೊಡದ ಹೋರಿ. ಎರಡು ವರ್ಷದ ಹಿಂದೆ ಚರ್ಮಗಂಟು ರೋಗಕ್ಕೆ ಸತ್ತಿತ್ತು. ಅಂದಿನಿಂದ ಉಳಿವೆಪ್ಪ ಹಬ್ಬದ ಕಡೆ ಮುಖ ಹಾಕಿರಲಿಲ್ಲ. ಈಗ ಅಂಗಡಿಯ ಬಾಗಿಲಲ್ಲಿ ನಿಂತು, ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿ, ಒಳಗೆ ಬಂದು ಕೂತ.

“ಕರೇ ಮಖಮಲ್ಲು, ಬೆಳ್ಳಿ ಜರಿ. ಮ್ಯಾಲೆ ಸಣ್ಣಾಗಿ ಅಬಲೂರ ಸಿಡಿಲು ಅಂತ ಬರಿ. ಕೆಳಗ ದೊಡ್ಡದಾಗಿ, ಸಿಡಿಲಿನ ಮಗ ಮಿಂಚು.”

“ಮಗಾ ಅದಾನೇನ್ರಿ ಕಾಕಾರ?” ಎಂದು ತನುಜಾ ಸಂತೋಷದಿಂದ ಕೇಳಿದಳು.

“ಅದಾನ. ದೋಸ್ತನ ಹೊಲದ ಮನ್ಯಾಗ ಕಟ್ಟೇನಿ. ತಂಗಿ, ಇದು ನಿನ್ನ ಸೂಜಿಗೆ ಗೊತ್ತಿರ್ಲಿ, ದಾರಕ್ಕೂ ಗೊತ್ತಾಗಬಾರದು.”

ಹಬ್ಬಕ್ಕೆ ಹದಿನೈದು ದಿನ ಇದ್ದಾಗ, ಒಂದು ಸೋಮವಾರ, ತನುಜಾ ಹೊಸ ರೀಲ್ ಮಾಡಿದಳು. ದೂರದ ಗಿರಾಕಿಗಳು ಹೋರಿಯ ಅಳತೆಯನ್ನು ತಾವೇ ತೆಗೆದು ಕಳಿಸುವುದು ಹೇಗೆ ಎಂಬುದನ್ನು ಟೇಪು ಹಿಡಿದು ಹೇಳುವ ರೀಲ್. ಮೊದಲ ಸಲ ಕೂದಲು ಹಣೆಗೆ ಬಂದಿತ್ತು. ಎರಡನೆಯ ಸಲ ಕುಂಕುಮ ಓರೆಯಾಗಿತ್ತು. ಮೂರನೆಯದು ಸರಿ ಬಂತು. ಎರಡು ಸಲ ಹಾಕಿ ನೋಡಿ, ಹಾಡು ಹಚ್ಚಿ, ಪೇಜಿಗೆ ಏರಿಸಿ, ಜರಿ ತರಲು ಸವಣೂರಿನ ಬಸ್ ಹತ್ತಿದಳು.

ಸವಣೂರಿನಲ್ಲಿ ಜರಿಯ ವ್ಯಾಪಾರಿ ಇಜಾಜ ಆಕೆಯನ್ನು ಕಂಡದ್ದೇ ಎದ್ದು ನಿಂತ.

“ಮುಬಾರಕ್ ರೀ ಅಕ್ಕಾರ! ಅಬಲೂರ ಹೋರಿ ವಾಪಸ್ ಬರಾಕತ್ತೈತಂತ!”

ತನುಜಾ ಚೀಲ ಕೆಳಗಿಟ್ಟಳು. “ಯಾರು ಹೇಳಿದ್ರು ನಿಮಗ?”

“ನೀವ ಹೇಳೀರಲ್ರಿ,” ಎಂದು ಇಜಾಜ ಫೋನು ತೋರಿಸಿದ.

ಅದರಲ್ಲಿ ತನುಜಾ ಟೇಪು ಹಿಡಿದು ನಗುತ್ತಿದ್ದಳು. ಕೂದಲು ಸರಿ ಇತ್ತು, ಕುಂಕುಮ ಸರಿ ಇತ್ತು. ಹಿಂದೆ, ಹಗ್ಗದ ಮೇಲೆ, ಇಸ್ತ್ರಿ ಮಾಡಿ ತೂಗುಹಾಕಿದ್ದ ಕರೇ ಮಖಮಲ್ಲಿನ ಜೂಲ ಮೇಲಿನಿಂದ ಕೆಳಗಿನ ತನಕ, ಅಕ್ಷರ ಅಕ್ಷರವೂ ಕಾಣುತ್ತಿತ್ತು. ಆಕೆ ಅಲ್ಲಿಯೇ ಕೂತು ರೀಲನ್ನು ಅಳಿಸಿದಳು. ಅಳಿಸಿ ಏನು ಬಂತು? ಅಷ್ಟರಲ್ಲಿ ಹೋರಿ ಅಭಿಮಾನಿಗಳ ಇಪ್ಪತ್ತು ಪೇಜುಗಳವರು ಆಕೆಯ ಮುಖವನ್ನು ಕತ್ತರಿಸಿ ಬಿಸಾಕಿ, ಜೂಲವನ್ನು ಮಾತ್ರ ಇಟ್ಟುಕೊಂಡು ಕುಣಿಯುತ್ತಿದ್ದರು.

ಸಂಜೆ ಮನೆಯಲ್ಲಿ ಗಂಡ ಕರಬಸಪ್ಪ ಎಲ್ಲವನ್ನೂ ಕೇಳಿಸಿಕೊಂಡ. “ಎರಡು ಸಲ ನೋಡಿದೆ ಅಂತಿ. ನೋಡಿದ್ದು ಏನನ್ನ?”

“ನನ್ನ ಮುಖ ನೋಡ್ಕೊಂಡೆ.”

ಕರಬಸಪ್ಪ ಆಕೆಯ ಫೋನಿನಲ್ಲಿ ಉಳಿದಿದ್ದ ವಿಡಿಯೋ ನೋಡಿ, “ಹೋಗ್ಲಿ ಬಿಡು, ಮುಖಾ ಛಲೋ ಬಂದೈತಿ,” ಎಂದ. ಬೇರೆ ದಿನವಾಗಿದ್ದರೆ ತನುಜಾ ನಗುತ್ತಿದ್ದಳು. ಅಂದು ಅಳು ಬಂತು. ಅತ್ತು ಮುಗಿಸಿ, ತಲೆಯನ್ನೂ ಬಾಚಿಕೊಳ್ಳದೆ, ತನ್ನ ಪೇಜಿನಲ್ಲಿ ನಾಲ್ಕು ಮಾತು ಹೇಳಿದಳು: “ತಪ್ಪು ನಂದ ಐತಿ. ಒಬ್ಬರು ನನ್ನ ನಂಬಿ ಕೊಟ್ಟಿದ್ದನ್ನ ನಾ ಬಯಲಿಗೆ ಹಾಕೀನಿ. ಯಾರಿಗೆ ನನ್ನ ಕಡೆ ಹೊಲಿಸೂದು ಬ್ಯಾಡ ಅನ್ನಿಸ್ತೈತೋ ಅವರು ತಮ್ಮ ಅರಿವಿ ತಿರುಗಿ ಒಯ್ಯಬಹುದು.”

ಹದಿನಾಲ್ಕು ಹೋರಿಗಳ ಜೂಲ ಆಕೆಯ ಕೈಯಲ್ಲಿದ್ದವು. ಮರುದಿನ ಒಬ್ಬೊಬ್ಬರದೇ ಫೋನು ಬರತೊಡಗಿತು. ಶಿಗ್ಗಾವಿಯ ಕಡೆಯವರೊಬ್ಬರು, “ನಮ್ದು ಬೀರುದಾಗ ಇಟ್ಟು ಕೀಲಿ ಹಾಕ್ರಿ, ಫೋನಿದ್ದ ಖೋಲ್ಯಾಗ ತರಬ್ಯಾಡ್ರಿ,” ಎಂದು ಬೈದು ಇಟ್ಟರು. ಹಿರೇಬೆಂಡಿಗೇರಿಯ ಮಾಲತೇಶ ಮಾತ್ರ ದನಿ ತಗ್ಗಿಸಿ, “ಅಕ್ಕಾರ, ಅದಕ್ಕ ಮೂರು ಲಕ್ಷ ಮಂದಿ ನೋಡ್ಯಾರಂತ. ನಮ್ದೂ ಒಮ್ಮೆ ಹಂಗ ತಪ್ಪಿ ಹಾಕಿಬಿಡ್ರಿ,” ಎಂದ. ಯಾರೂ ಅರಿವೆ ತಿರುಗಿ ಕೇಳಲಿಲ್ಲ. ಆದರೆ ಉಳಿವೆಪ್ಪನ ಫೋನು ಮಾತ್ರ ಎಷ್ಟು ಸಲ ಹಚ್ಚಿದರೂ ಬಂದ್ ಇತ್ತು. ಉಳಿದ ಹದಿಮೂರು ಜನ ಕ್ಷಮಿಸಿ ಏನು ಮಾಡುವುದು? ಮಾತು ಕೊಟ್ಟದ್ದು ಆ ಮನುಷ್ಯನಿಗೆ. ನಾಳೆ ಅಬಲೂರಿಗೇ ಹೋಗಿ, ಎದುರಿಗೆ ನಿಂತು ಬೈಸಿಕೊಂಡು ಬರುವುದೆಂದು ಆಕೆ ಗಟ್ಟಿ ಮಾಡಿದಳು.

ಬುಧವಾರ ಬೆಳಿಗ್ಗೆ ಹೊರಡಲು ಅಂಗಡಿಗೆ ಕೀಲಿ ಹಾಕುವಷ್ಟರಲ್ಲಿ ಅರವತ್ತು ದಾಟಿದ ಒಬ್ಬ ಹೆಣ್ಣುಮಗಳು ಮೆಟ್ಟಿಲ ಮೇಲೆ ಬಂದು ನಿಂತಳು. ಕೈಯಲ್ಲಿ ಒಂದು ಬಟ್ಟೆಯ ಚೀಲ.

“ಜೂಲ ಹೊಲಿಯಾಕಿ ನೀನೇನವಾ? ನಾ ಯಂಕವ್ವ, ಅಬಲೂರಾಕಿ. ಸಿಡಿಲಿನ ಮನಿಯಾಕಿ.”

ಉಳಿವೆಪ್ಪನ ಹೆಂಡತಿ! ತನುಜಾ ಆಕೆಯನ್ನು ಒಳಗೆ ಕರೆದಳು. ಕುರ್ಚಿ ಹಾಕಿ, ನೀರು ಕೊಟ್ಟು, ಕೈ ಜೋಡಿಸಿ, “ತಪ್ಪಾತ್ರಿ ಅವ್ವಾರ. ಕಾಕಾರು ಯಾರಿಗೂ ಹೇಳಬ್ಯಾಡ ಅಂದಿದ್ರು,” ಎಂದಳು.

“ಯಾರಿಗೂ ಅಂದ್ರ ನನಗ ನೋಡವಾ,” ಎಂದಳು ಯಂಕವ್ವ.

ತನುಜಾ ಕೈಯಲ್ಲಿದ್ದ ಕೀಲಿಯನ್ನು ಕೆಳಗಿಟ್ಟು ಎದುರಿಗೆ ಕೂತಳು.

“ಆ ಹೋರಿ ಸತ್ತಾಗ ಎಂಟು ದಿನ ಅನ್ನ ಮುಟ್ಟಲಿಲ್ಲ ಅವರು. ಇವರೂ ಹೋಗಿಬಿಡ್ತಾರಂತ ನನಗ ಅಂಜಿಕಿ ಆತು. ಇನ್ನ ಈ ಮನ್ಯಾಗ ಹೋರಿ ಕಟ್ಟೂದಿಲ್ಲಂತ ನನ್ನ ತಲಿ ಮ್ಯಾಲೆ ಕೈ ಇಟ್ಟು ಹೇಳ್ರಿ ಅಂದೆ. ಹೇಳಿದ್ರು. ಅದ ಕಡೀ ಮಾತು. ಎರಡು ವರ್ಷಾತು, ಸಾರಿಗೆ ಉಪ್ಪು ಕಡಿಮಿ ಆದ್ರ ಉಪ್ಪು ಸೈತ ಕೇಳಿಲ್ಲ.” ಆಕೆ ಸೆರಗಿನಿಂದ ಮೂಗು ಒರೆಸಿಕೊಂಡಳು. “ಸಂಜಿ ಆದ್ರ ಗುಡಿ ಕಡೆ ಕೈ ಮಾಡಿ ತೋರಿಸಿ ಹೋಗ್ತಾರ. ಗುಡಿಗೆ ಹೋಗಿ ಬಂದವರ ಅಂಗಿಗೆ ಹಿಂಡಿ ವಾಸನಿ ಬರ್ತೈತೇನು? ಮಂದಿ ಕೊಟಗ್ಯಾಗ ನಿಂತು ಮಂದಿ ಎತ್ತಿನ ಮೈ ತಿಕ್ಕಿ ಬರ್ತಾರಂತ ತಿಳ್ಕೊಂಡಿದ್ದೆ. ಇದು ನಾ ಮಾಡಿದ ಪಾಪ ಅಂತ ಒಳಗೊಳಗ ಬೇಯ್ತಿದ್ದೆ. ಆಣಿ ಮಾಡಿಸಿದಾಕಿ ನಾನ, ಅದನ್ನ ಹೆಂಗ ತಿರುಗಿ ತಗೊಳ್ಳಿ ಹೇಳು? ನಿನ್ನೆ ಬಾಜೂ ಮನಿ ಸೊಸಿ ಫೋನ್ ತಂದು ತೋರಿಸಿದ್ಲು. ನಿಂತಲ್ಲೇ ಕುಂತೆ. ಮನುಷ್ಯ ಇನ್ನೂ ಬದುಕ್ಯಾನ ಅನ್ನಿಸ್ತು ನನಗ.”

ಬೈಯಲು ಬಂದವರಲ್ಲ ಇವರು! ತನುಜಾ ಬೀರು ತೆರೆದು ಜೂಲವನ್ನು ಯಂಕವ್ವನ ತೊಡೆಯ ಮೇಲೆ ಹರಡಿದಳು. ಓದು ಬಾರದ ಯಂಕವ್ವ ಮೇಲಿನ ಸಣ್ಣ ಸಾಲನ್ನು ಬೆರಳಿನಿಂದ ಮುಟ್ಟಿ, “ಇದ ಏನು ನಮ್ಮ ಸಿಡಿಲು?” ಎಂದು ಕೇಳಿದಳು. ಹೌದೆಂದಾಗ ಅಲ್ಲಿಯೇ ಅಂಗೈ ಇಟ್ಟಳು. ಆಮೇಲೆ ಹೊಟ್ಟೆಯ ಕೆಳಗೆ ಬರುವ ಪಟ್ಟಿಯನ್ನು ಹಿಡಿದು ಜಗ್ಗಿ ನೋಡಿದಳು.

“ಇದು ಒಂಟಿ ಹೊಲಿಗಿ. ಹರೇದ ಹೋರಿ, ಜಗ್ಗತೈತಿ. ಜೂಲ ಜಾರಿ ಕಾಲಿಗೆ ಸಿಕ್ಕೀತು. ಇನ್ನೊಂದು ಸುತ್ತು ಹಾಕು.”

“ಹಾಕ್ತೇನ್ರಿ.”

“ನಾ ಬಂದಿದ್ದು ಅವರಿಗೆ ಹೇಳಬ್ಯಾಡ ಮತ್ತ. ಇದನ್ನ ಅವರ ಬಾಯಿಲೆ ಕೇಳಬೇಕು ನಾ.” ಚೀಲದಿಂದ ನಾಲ್ಕು ಜೋಳದ ರೊಟ್ಟಿ, ಒಂದು ಡಬ್ಬಿ ಶೇಂಗಾ ಚಟ್ನಿ ತೆಗೆದಿಟ್ಟು ಯಂಕವ್ವ ಹತ್ತು ಗಂಟೆಯ ಬಸ್ಸಿಗೆ ಹೊರಟುಹೋದಳು.

ಉಳಿವೆಪ್ಪ ಬಂದದ್ದು ಶುಕ್ರವಾರ ಮಧ್ಯಾಹ್ನ. ಕಂಕುಳಲ್ಲಿ ಗೊಬ್ಬರದ ಖಾಲಿ ಚೀಲ. ತನುಜಾ ಎದ್ದು ನಿಂತು ತಪ್ಪು ಒಪ್ಪಿಕೊಳ್ಳಲು ಬಾಯಿ ತೆರೆದಳು, ಆತ ಕೈ ಅಡ್ಡ ಹಿಡಿದ.

“ಊರ ತುಂಬ ಗೊತ್ತಾಗೇತಂತ. ಆಗ್ಲಿ ಬಿಡು. ದಾರ್ಯಾಗ ಕಂಡವರೆಲ್ಲ ಕೈ ಹಿಡಕೊಂಡು ಸಿಡಿಲಿನ ಮಗ ಹೆಂಗದಾನ ಅಂತ ಕೇಳ್ಯಾರ. ಹುಲಗೂರಿಂದ ಯಾರೋ ಹುಡುಗೂರು ಕೊಬ್ಬರಿ ಸರ ಕಳಿಸ್ತೇವಿ ಅಂದ್ರಂತ. ನೀ ಒಂದು ಹೇಳು. ನಮ್ಮ ಮನ್ಯಾಗ ಗೊತ್ತಾಗೇತೇನು?”

“ಹಂಗ್ಯಾಕ ಕೇಳ್ತೀರಿ ಕಾಕಾರ?”

“ಮೂರು ಲಕ್ಷ ಮಂದಿ ನೋಡ್ಯಾರಂತ, ಅವರ್‍ಯಾರಿಗೂ ನಾ ಅಂಜಿಲ್ಲ. ಒಬ್ಬಾಕಿಗೆ ಅಂಜೇನಿ.” ಉಳಿವೆಪ್ಪ ತಲೆ ಕೆಳಗೆ ಹಾಕಿದ. “ಆಕಿ ತಲಿ ಮ್ಯಾಲೆ ಕೈ ಇಟ್ಟು ಮಾತು ಕೊಟ್ಟಿದ್ದೆ. ಮಾತು ತಪ್ಪಿದ ಬಾಯಿಲೆ ಆಕಿ ಜೋಡಿ ಏನು ಮಾತಾಡ್ಲಿ? ಮೊದಲು ದುಃಖಕ್ಕ ಸುಮ್ಮನಿದ್ದೆ. ಈ ಕರು ಕಟ್ಟಿದ ಮ್ಯಾಲೆ ಅಂಜಿಕಿಗೆ ಸುಮ್ಮನಾಗೇನಿ. ಯಾರರೇ ಹೇಳಿಬಿಟ್ಟಿದ್ರ ಛಲೋ ಇತ್ತು ಅನ್ನಿಸ್ತೈತಿ.”

ತನುಜಾಳ ನಾಲಿಗೆಯ ತುದಿಗೆ ಬಂದಿತ್ತು. ಹೇಳಿಬಿಟ್ಟರೆ ಮುದುಕ ಈ ಗಳಿಗೆಯೇ ಹಗುರಾಗುತ್ತಾನೆ. ಆದರೆ ಆ ವಾರ ಒಂದು ಮಾತು ಮುರಿದಾಗಿತ್ತು, ಇನ್ನೊಂದನ್ನು ಮುರಿಯಲು ಆಕೆ ತಯಾರಿರಲಿಲ್ಲ.

“ಅದು ನಿಮ್ಮ ಮನಿ ಮಾತು. ನೀವ ಹೋಗಿ ಹೇಳ್ರಿ.”

“ಬೈತಾಳ.”

“ಬೈಸ್ಕೊಳ್ರಿ.”

ಉಳಿವೆಪ್ಪ ಆಕೆಯ ಮುಖವನ್ನು ಒಂದು ಸಲ ನೋಡಿದ. ಆಮೇಲೆ ಜೂಲವನ್ನು ಚೀಲಕ್ಕೆ ತುರುಕಲು ಹೋದ. ತನುಜಾ ಚೀಲವನ್ನು ಕಸಿದುಕೊಂಡು, ಜೂಲವನ್ನು ಚೆನ್ನಾಗಿ ಮಡಚಿ, ಹೆಸರು ಮೇಲೆ ಬರುವಂತೆ ಆತನ ಹೆಗಲ ಮೇಲೆ ಹಾಕಿದಳು. “ಹಿಂಗ ಒಯ್ಯಿರಿ. ಮುಚ್ಚೂದು ಸಾಕು.” ಬಸ್ ನಿಲ್ದಾಣದ ತನಕ ಜನ ಆತನನ್ನು ನಿಲ್ಲಿಸಿ ನಿಲ್ಲಿಸಿ ಮಾತಾಡಿಸುವುದನ್ನು ಆಕೆ ಬಾಗಿಲಲ್ಲಿ ನಿಂತು ನೋಡಿದಳು.

ಶನಿವಾರ ಇಡೀ ದಿನ ಸುದ್ದಿ ಇಲ್ಲ. ತನುಜಾ ಮೂರು ಜೂಲಗಳ ಅಂಚು ಹೊಲಿದು, ಒಂದನ್ನು ತಪ್ಪು ಹೊಲಿದು ಬಿಚ್ಚಿದಳು. ಭಾನುವಾರ ಮಧ್ಯಾಹ್ನ ಫೋನು ಬಂತು, ಉಳಿವೆಪ್ಪನದು.

“ತಂಗಿ, ಬೈದ್ಲು.”

ತನುಜಾ ಹೊಲಿಗೆ ನಿಲ್ಲಿಸಿದಳು. “ಭಾಳ ಬೈದ್ರೇನ್ರಿ?”

“ನಿನ್ನೆ ಮುಂಜಾನೆ ಹೇಳಿದೆ. ಆವಾಗಿಂದ ಬೈಯಾಕತ್ತಾಳ ನೋಡು. ರೊಟ್ಟಿ ಬಡಿಯೂವಾಗ ಬೈದ್ಲು, ಉಣ್ಣಾಕ ನೀಡೂವಾಗ ಬೈದ್ಲು. ಇವತ್ತೂ ಎದ್ದ ಕೂಡಲೆ ಚಾಲೂ ಮಾಡ್ಯಾಳ. ಎರಡು ವರ್ಷದ್ದು ಒಮ್ಮೆಲೆ ತೀರಸಾಕತ್ತಾಳ.” ಆತ ನಗುತ್ತಿದ್ದ.

ಅಷ್ಟರಲ್ಲಿ ಆತನ ಹಿಂದಿನಿಂದ, ಅಂಗಳದ ಕಡೆಯಿಂದ, ಯಂಕವ್ವನ ದನಿ ಗಟ್ಟಿಯಾಗಿ ಕೇಳಿಸಿತು.

“ಯಾರ ಜೋಡಿ ಹರಟಿ ಹೊಡ್ಯಾಕತ್ತೀರಿ? ಮಿಂಚಪ್ಪ ನೀರಿಲ್ಲದ ನಿಂತಾನಿಲ್ಲಿ, ಬರ್ರಿ ಲಗೂನ!”

“ಬಂದೆ, ಬಂದೆ,” ಎಂದ ಉಳಿವೆಪ್ಪ. ಫೋನು ಇಡುವುದನ್ನೂ ಮರೆತು ಅಂಗಳಕ್ಕೆ ಓಡಿದ.