ಅಂಗೈಯಗಲದ ಚೌಕಾಬಾರ

ಬಂಗೂರನಗರದ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದ ನಿರ್ಮಲಾ 2008ರ ಬೇಸಿಗೆ ರಜೆಯಲ್ಲಿ ಒಂದು ಹಟ ಹಿಡಿದಳು. ತಮ್ಮ ಕೊಟ್ಟಿದ್ದ ಹಳೆಯ ಪಿಎಸ್‌ಪಿಯಲ್ಲಿ, ಅಂದರೆ ಅಂಗೈಯಗಲದ ಆಟದ ಯಂತ್ರದಲ್ಲಿ, ತಾನೇ ಬರೆದ ಚೌಕಾಬಾರ ಓಡಬೇಕು. ಕಾಲು ಮುರಿದುಕೊಂಡು ಮಂಚ ಹಿಡಿದಿದ್ದ ಅತ್ತೆ ಈರಕ್ಕನಿಗೆ ನೆಲಕ್ಕೆ ಕೂತು ಕವಡೆ ಎಸೆಯಲು ಆಗುತ್ತಿರಲಿಲ್ಲ.

ಆ ಯಂತ್ರವೋ ಕಂಪನಿಯ ಆಟಗಳನ್ನಷ್ಟೇ ಒಪ್ಪುತ್ತಿತ್ತು. ಇಂಟರ್‌ನೆಟ್ಟಿನಲ್ಲಿ ಓದಿಕೊಂಡು ಅದರೊಳಗಿನ ಸಾಫ್ಟ್‌ವೇರ್ ಬದಲಿಸಲು ಹೊರಟಾಗ ಅರ್ಧದಲ್ಲೇ ಕರೆಂಟು ಹೋಯಿತು. ಸವೆದ ಬ್ಯಾಟರಿಯೂ ಕೈಕೊಟ್ಟಿತು. ಆಮೇಲೆ ಯಂತ್ರ ಏಳಲೇ ಇಲ್ಲ.

ಉಳಿದದ್ದು ಒಂದೇ ದಾರಿ. ಬ್ಯಾಟರಿಯೊಳಗಿನ ಪುಟ್ಟ ಚಿಪ್‌ನ ತಂತಿಯಂಥ ಒಂದು ಕಾಲನ್ನು ಕತ್ತರಿಸಿದರೆ ಯಂತ್ರ ತನ್ನನ್ನು ರಿಪೇರಿಗೆ ತಂದಿದ್ದಾರೆಂದು ತಿಳಿದು, ಮೆಮೊರಿ ಕಾರ್ಡಿನಿಂದ ಹೊಸದಾಗಿ ಶುರುವಾಗುತ್ತಿತ್ತು. ನಿರ್ಮಲಾ ಹುಬ್ಬಳ್ಳಿಯಿಂದ ಹೊಸ ಬ್ಯಾಟರಿ ತರಿಸಿದಳು. ಕೂದಲೆಳೆಯಂಥ ಆ ಕಾಲಿನ ಮೇಲೆ ಬ್ಲೇಡು ಇಟ್ಟು ಒಮ್ಮೆಲೇ ಒತ್ತಲು ಹೊರಟಳು. ಮಂಚದ ಮೇಲಿಂದ ಟಾರ್ಚು ಹಿಡಿದಿದ್ದ ಈರಕ್ಕ ಹೇಳಿದರು:

“ಅವಸರ ಮಾಡಬ್ಯಾಡವಾ. ಅಕ್ಕ್ಯಾಗಿನ ಹಳ್ಳ ಆರಿಸಿದಂಗ ಸಾವಕಾಶ ತಗಿ.”

ಕಾಲು ಕತ್ತರಿಸಿದ ಬ್ಯಾಟರಿ ಹಾಕಿದಾಗ ಎರಡು ಸಲ ಏನೂ ಆಗಲಿಲ್ಲ. ಕಾರ್ಡಿಗೆ ಕಂಪ್ಯೂಟರಿನಿಂದ ಮತ್ತೆ ಸಾಫ್ಟ್‌ವೇರ್ ತುಂಬಿ ಹಾಕಿದ ಮೂರನೆಯ ಸಲ ಹಸಿರು ದೀಪ ಹತ್ತಿತು. ಮರುದಿನ ಮಧ್ಯಾಹ್ನ ಪರದೆಯ ಮೇಲೆ ಚೌಕಾಬಾರದ ಮನೆಗಳು ಮೂಡಿದವು.

ಇಬ್ಬರೂ ಯಂತ್ರವನ್ನು ಕೈಯಿಂದ ಕೈಗೆ ದಾಟಿಸುತ್ತ ಆಡಿದರು.

“ನನಗ ಬರೇ ಒಂದಽ ಬೀಳಾಕತ್ತೈತಿ. ನೀ ಬರದ ಆಟ, ಒಳಗ ಏನರ ಮಾಡಿಟ್ಟೀಯೇನು?”

“ಇಲ್ರೀ ಅತ್ತಿ, ನಿಮ್ಮಾಣಿ.”

ಈರಕ್ಕ ಗುಂಡಿ ಒತ್ತಿದರು. ನಾಲ್ಕು ಬಿತ್ತು. ನಡುಮನೆ ಸೇರಿ ಹಣ್ಣಾಗಲು ಎರಡೇ ಮನೆ ಉಳಿದಿದ್ದ ಸೊಸೆಯ ಕಾಯಿಯನ್ನು ಕಡಿದು, ಅವರು ದಿಂಬಿಗೆ ಒರಗಿ ಹಾಯಾಗಿ ನಕ್ಕರು. ತಾನೇ ಬರೆದ ಆಟದಲ್ಲಿ ಸೋಲುತ್ತಿದ್ದ ನಿರ್ಮಲಾಳಿಗೂ ನಗು ತಡೆಯಲಾಗಲಿಲ್ಲ.